ಮರಗೆಣಸು ಬೆಂದ ಮೇಲೂ ಕಹಿ ಇದೆ, ತಿನ್ನಬಹುದಾ?

ಹಿತ್ತಲಗಿಡ:
ಹಿತ್ತಲಲ್ಲಿ ಮರಗೆಣಸಿನ ಕಡ್ಡಿ ನೆಟ್ಟಿದ್ದೆ. ತಳಿ ಯಾವುದು ಅಂತ ಕಡ್ಡಿ ಕೊಟ್ಟವರಿಗೂ ಗೊತ್ತಿಲ್ಲ. ಈ ಸಲ ಮಳೆ ಕೈಕೊಟ್ಟಿತು, ಆದರೂ ಗೆಡ್ಡೆ ದಪ್ಪವಾಗೇ ಬಂದಿದೆ. ಸಿಪ್ಪೆ ತೆಗೆದು ದೊಡ್ಡ ತುಂಡು ಮಾಡಿ ಕುಕ್ಕರಿನಲ್ಲಿ ಕೂಗಿಸಿದೆ. ತುದಿಯ ತುಂಡು ಬಾಯಿಗಿಟ್ಟರೆ ಕಹಿ, ಉಗಿದೆ. ಕಿತ್ತು ಎರಡು ಮೂರು ದಿನ ಇಟ್ಟಿದ್ದ ಇನ್ನೊಂದನ್ನು ಕೊಯ್ದರೆ ಒಳಗೆಲ್ಲ ನೀಲಿ ಗೆರೆ. ಸಯನೈಡ್ ಅಂದರೆ ಇದೇನಾ? ಮನೆಯಲ್ಲಿ ಸಣ್ಣ ಮಗು ಇದೆ. ಇನ್ನೂ ಒಂದು ಬುಟ್ಟಿ ಗೆಡ್ಡೆ ಉಳಿದಿದೆ, ಏನು ಮಾಡಲಿ?

ಉಪ್ಪುಖಾರ:
ಇನ್ನೆರಡು ಕೂಗು ಜಾಸ್ತಿ ಕೂಗಿಸಿ. ಬೆಂದ ಮೇಲೆ ಎಂಥ ವಿಷವೂ ಉಳಿಯಲ್ಲ.

ಹಳದಿಕಾಗದ:
ಉಪ್ಪುಖಾರ ಅವರೇ, ಈ ಮಾತನ್ನು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಆಹಾರ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಬೇಯಿಸಿದರೆ ಸಾಯೋದು ಕ್ರಿಮಿ. ಇಲ್ಲಿರೋದು ಕ್ರಿಮಿಯಲ್ಲ.

ಗೆಡ್ಡೆಯಲ್ಲಿ ಇರೋದು ಲಿನಾಮರಿನ್ ಅನ್ನೋ ವಸ್ತು. ಅದನ್ನು ಒಡೆಯುವ ಕಿಣ್ವ ಲಿನಾಮರೇಸ್, ಅದೂ ಗೆಡ್ಡೆಯಲ್ಲೇ ಇದೆ, ಆದರೆ ಬೇರೆ ಜಾಗದಲ್ಲಿ. ತುರಿದಾಗ, ಜಜ್ಜಿದಾಗ ಎರಡೂ ಕೂಡುತ್ತವೆ, ಹೈಡ್ರೋಜನ್ ಸಯನೈಡ್ ಹುಟ್ಟುತ್ತೆ. ಅದು ಸುಮಾರು 26 ಡಿಗ್ರಿಗೇ ಆವಿಯಾಗುವಂಥದ್ದು, ಗಾಳಿಗಿಟ್ಟರೆ ತಾನೇ ಹೋಗುತ್ತೆ. ಅಂದರೆ ವಿಷ ಹೊರಗೆ ಹೋಗಬೇಕಾದರೆ ಮೊದಲು ಬಿಡುಗಡೆ ಆಗಬೇಕು. ನೀವು ದೊಡ್ಡ ತುಂಡನ್ನು ಹಾಗೇ ಕುಕ್ಕರಿಗೆ ಹಾಕಿದರೆ ಬಿಸಿಗೆ ಮೊದಲು ಸಾಯೋದು ಕಿಣ್ವ. ಲಿನಾಮರಿನ್ ಶಾಖಕ್ಕೆ ಜಗ್ಗಲ್ಲ, ತುಂಡಿನೊಳಗೇ ಕೂತಿರುತ್ತೆ. ಆಮೇಲೆ ಅದನ್ನು ಒಡೆಯೋ ಕೆಲಸ ನಿಮ್ಮ ಕರುಳಿನ ಬ್ಯಾಕ್ಟೀರಿಯಾ ಮಾಡುತ್ತವೆ.

ಲಿನಾಮರಿನ್ ನೀರಿನಲ್ಲಿ ಕರಗುತ್ತೆ, ಅದೊಂದು ಪುಣ್ಯ. ಹಾಗಾಗಿ ಸಣ್ಣಗೆ ಹೆಚ್ಚಿ, ಧಾರಾಳ ನೀರಲ್ಲಿ ಮುಚ್ಚಳ ತೆಗೆದು ಬೇಯಿಸಿ, ಆ ನೀರು ಚೆಲ್ಲಿದರೆ ಮುಕ್ಕಾಲು ಪಾಲಿನಷ್ಟು ಇಳಿಯುತ್ತೆ. ದೊಡ್ಡ ತುಂಡಾದರೆ ಕಾಲು ಪಾಲು ಇಳಿದರೆ ಹೆಚ್ಚು. ಹಬೆಯಲ್ಲಿ ಬೇಯಿಸೋದು, ಕರಿಯೋದು, ಸುಡೋದು ಇನ್ನೂ ಕಳಪೆ. ಸಿಹಿ ತಳಿಗೆ ಇಷ್ಟು ಬೇಯಿಸಿದರೆ ಸಾಕು, ಅದರಲ್ಲಿ ಸಯನೈಡ್ ಕಿಲೋಗೆ 50 ಮಿಲಿಗ್ರಾಂಗಿಂತ ಕಡಿಮೆ ಇರುತ್ತೆ. ಕಹಿ ತಳಿಯಲ್ಲಿ ಅದರ ಹಲವು ಪಟ್ಟು. ಬರ ಬಿದ್ದ ವರ್ಷ ಎಲ್ಲಾ ತಳಿಯಲ್ಲೂ ಏರುತ್ತೆ, ನೀವೇ ಮಳೆ ಕೈಕೊಟ್ಟಿತು ಅಂದಿರಿ.

ನೀಲಿ ಗೆರೆಗೂ ಇದಕ್ಕೂ ಸಂಬಂಧ ಇಲ್ಲ. ಕಿತ್ತ ಎರಡು ಮೂರು ದಿನಕ್ಕೆ ಮರಗೆಣಸು ಹಾಗೆ ಕೆಡುತ್ತೆ, ಅಷ್ಟೇ. ಸಯನೈಡ್ ಕಣ್ಣಿಗೆ ಕಾಣಲ್ಲ. ಕಾಣಿಸಬೇಕಾದರೆ ಪಿಕ್ರಿಕ್ ಆಮ್ಲದಿಂದ ಮಾಡಿದ ಪಿಕ್ರೇಟ್ ಕಾಗದ ಬೇಕು: ಜಜ್ಜಿದ ಗೆಡ್ಡೆಯನ್ನು ಪುಟ್ಟ ಬಾಟಲಿಗೆ ಹಾಕಿ, ಹಳದಿ ಕಾಗದದ ಪಟ್ಟಿ ಒಳಗಿಟ್ಟು ಬಿರಡೆ ಬಿಗಿಯಬೇಕು. ಬೆಳಿಗ್ಗೆ ಬಂದು ನೋಡಿದರೆ ಸಿಹಿ ಗೆಡ್ಡೆಯ ಪಟ್ಟಿ ಬಹುಪಾಲು ಹಳದಿಯಾಗೇ ಇರುತ್ತೆ, ಕಹಿ ಗೆಡ್ಡೆಯದು ಇಟ್ಟಿಗೆ ಬಣ್ಣ. ಮನೆಯಲ್ಲಿ ಮಾಡೋಕೆ ಹೋಗಬೇಡಿ, ಪಿಕ್ರಿಕ್ ಆಮ್ಲ ಒಣಗಿದರೆ ಸಿಡಿಯುವ ಸರಕು.

ಹಿತ್ತಲಗಿಡ:
ಸರ್, ಹಾಗಾದರೆ ಕಹಿ ತಳಿಯನ್ನೇ ತಿಂದು ಬದುಕೋ ಜನ ಇದ್ದಾರಲ್ಲ? ಅವರಿಗೇನೂ ಆಗಲ್ಲವಾ?

ಹಳದಿಕಾಗದ:
ಸರಿಯಾಗಿ ಸಂಸ್ಕರಿಸಿದರೆ ಆಗಲ್ಲ. ಪಶ್ಚಿಮ ಆಫ್ರಿಕಾದಲ್ಲಿ ತುರಿದು, ಹುಳಿ ಬರಿಸಿ, ಹಿಂಡಿ, ಹುರಿದು ಗಾರಿ ಅನ್ನೋ ರವೆಯಂಥ ಹಿಟ್ಟು ಮಾಡುತ್ತಾರೆ. ಕಾಂಗೋ ಕಡೆ ಸಿಪ್ಪೆ ತೆಗೆದ ಗೆಡ್ಡೆಯನ್ನು ಮೂರು ದಿನ ನೀರಲ್ಲಿ ಮುಳುಗಿಸಿಡುತ್ತಾರೆ. ಗೆಡ್ಡೆ ಮೆತ್ತಗಾಗಿ ಹುಳಿಯುತ್ತೆ, ವಿಷದಲ್ಲಿ ಬಹುಪಾಲು ಹೋಗುತ್ತೆ. ಆಮೇಲೆ ಒಣಗಿಸಿ ಹಿಟ್ಟು.

ಹಸಿವು ಬಂದಾಗ ಈ ದಿನಗಳನ್ನೇ ಕತ್ತರಿಸುತ್ತಾರೆ, ಅಲ್ಲೇ ಎಡವಟ್ಟು. 1981ರಲ್ಲಿ ಬರ ಬಿದ್ದ ಮೊಜಾಂಬಿಕ್‌ನ ನಂಪುಲಾ ಪ್ರಾಂತ್ಯದಲ್ಲಿ ಸಾವಿರಕ್ಕೂ ಹೆಚ್ಚು ಜನರ ಕಾಲು ಸ್ವಾಧೀನ ತಪ್ಪಿತು, ಬಹುಪಾಲು ಹೆಂಗಸರು, ಮಕ್ಕಳು. ಈ ಕಾಯಿಲೆಗೆ ಕೊಂಜೊ ಅಂತಾರೆ. ಇದ್ದಕ್ಕಿದ್ದಂತೆ ಬರುತ್ತೆ, ವಾಸಿ ಆಗಲ್ಲ. ದೇಹ ಸಯನೈಡನ್ನು ಥಯೋಸಯನೇಟ್ ಅನ್ನೋ ಕಡಿಮೆ ವಿಷದ ವಸ್ತುವಾಗಿ ಮಾಡಿ ಮೂತ್ರದಲ್ಲಿ ಕಳಿಸುತ್ತೆ, ಅದಕ್ಕೆ ಗಂಧಕವಿರುವ ಅಮೈನೋ ಆಮ್ಲ ಬೇಕು. ಬೇಳೆ, ಮೊಟ್ಟೆ, ಮೀನು ಏನೂ ಇಲ್ಲದೆ ಗೆಣಸೊಂದೇ ತಿನ್ನುವವರಿಗೆ ಆ ಬಂಡವಾಳವೇ ಇರಲ್ಲ. ಅಯೋಡಿನ್ ಕೊರತೆ ಇರುವ ಕಡೆ ಇದೇ ಥಯೋಸಯನೇಟ್ ಗಳಗಂಡವನ್ನೂ ಹೆಚ್ಚಿಸುತ್ತೆ.

ನನಗೆ ಬಹಳ ಹಿಡಿಸಿದ ಉಪಾಯ ಆಸ್ಟ್ರೇಲಿಯಾದ ವಿಜ್ಞಾನಿ ಹೋವರ್ಡ್ ಬ್ರಾಡ್‌ಬರಿ ಅವರದು. ಹಿಟ್ಟಿಗೆ ನೀರು ಕಲೆಸಿ ತೆಳ್ಳಗೆ ಹರಡಿ, ಬಿಸಿಲಲ್ಲಿ 2 ಗಂಟೆ, ನೆರಳಲ್ಲಾದರೆ 5 ಗಂಟೆ ಬಿಡೋದು. ಉಳಿದ ವಿಷ ಆವಿಯಾಗುತ್ತೆ, ಅದೇ ದಿನ ಅಡುಗೆ ಮಾಡಬಹುದು. ಕಾಂಗೋದ ಹಳ್ಳಿಗಳಲ್ಲಿ ಹೆಂಗಸರಿಗೆ ಇದನ್ನು ಕಲಿಸಿದ ಮೇಲೆ ಅಲ್ಲಿ ಹೊಸ ಕೊಂಜೊ ಕಾಣಿಸಲಿಲ್ಲ. ಖರ್ಚು ಅಂದರೆ ಒಂದು ಚೊಂಬು ನೀರು!

ಕರುಮೇಕೆ:
ಅಣ್ಣಾ, ಸಿಪ್ಪೆ ಸೊಪ್ಪು ಮೇಕೆಗೆ ಹಾಕಬಹುದಾ?

ಹಳದಿಕಾಗದ:
ಹಸಿಯಾಗಿ ಹಾಕಬೇಡಪ್ಪ. ಸಿಪ್ಪೆಯಲ್ಲಿ ತಿರುಳಿಗಿಂತ ಜಾಸ್ತಿ ಇರುತ್ತೆ, ಸೊಪ್ಪಿನಲ್ಲೂ ಹಾಗೇ. ಹಸಿದ ಮೇಕೆ ಗಬಗಬ ತಿಂದರೆ ಅಲ್ಲೇ ಬಿದ್ದುಹೋಗಬಹುದು. ಚೆನ್ನಾಗಿ ಕತ್ತರಿಸಿ ಗರಿಗರಿ ಒಣಗಿಸಿ, ಬೇರೆ ಮೇವಿನ ಜೊತೆ ಸ್ವಲ್ಪ ಸ್ವಲ್ಪ ಕೊಡು.

ಹಿತ್ತಲಗಿಡ ಅವರೇ, ನಿಮ್ಮ ಬುಟ್ಟಿಯ ವಿಷಯ. ಕುಕ್ಕರಿನದು ಗೊಬ್ಬರದ ಗುಂಡಿಗೆ ಹೋಗಲಿ. ಉಳಿದದ್ದನ್ನು ಪರೀಕ್ಷೆ ಮಾಡಿಸದೆ ಮಗುವಿಗೆ ಕೊಡಬೇಡಿ, ಸಣ್ಣ ಮೈಗೆ ಅಷ್ಟೇ ಪ್ರಮಾಣ ದುಪ್ಪಟ್ಟು ಹೊಡೆತ. ಕಹಿ ಇದ್ದರೆ ಬಿಡಿ ಅನ್ನೋದು ಸರಿ, ಕಹಿ ಇಲ್ಲದಿದ್ದರೆ ಸುರಕ್ಷಿತ ಅನ್ನೋದಕ್ಕೆ ಗ್ಯಾರಂಟಿ ಇಲ್ಲ. ತಿಂದ ಕೆಲವೇ ಗಂಟೆಯಲ್ಲಿ ತಲೆಸುತ್ತು, ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ಮನೆಮದ್ದು ಹುಡುಕದೆ ನೇರ ಆಸ್ಪತ್ರೆಗೆ ಹೋಗಿ, ಮರಗೆಣಸು ತಿಂದದ್ದನ್ನು ಮೊದಲೇ ಹೇಳಿ. ಸಯನೈಡಿಗೆ ಪ್ರತಿವಿಷ ಇದೆ.

ಹಿತ್ತಲಗಿಡ:
ಆಯ್ತು ಸರ್. ಒಂದು ಗೆಡ್ಡೆ ಪರೀಕ್ಷೆಗೆ ಕಳಿಸುತ್ತೇನೆ. ಮುಂದಿನ ಸಲಕ್ಕೆ ಗೊತ್ತಿರೋ ಸಿಹಿ ತಳಿಯ ಕಡ್ಡಿ ಹುಡುಕಬೇಕು.