ತೋಟದ ಮನೆಯ ಮಾರುತಿ 800ಕ್ಕೆ ಯಾವ ಆಯಿಲ್ ಫಿಲ್ಟರ್?

ಚಿಕ್ಕಪ್ಪ: ನಮ್ಮ ಮನೆಯ ಗ್ರೂಪಿನಲ್ಲಿ ನಾನು ಮೇಲೆ ಹಾಕಿರುವ ವಿಡಿಯೊ ಎಲ್ಲರೂ ನೋಡಿ. ದೊಡ್ಡ ಕಾರಿನ ಫಿಲ್ಟರ್ ನಮ್ಮ 800ಕ್ಕೂ ಕೂರುತ್ತದೆ, ಥ್ರೆಡ್ ಒಂದೇ. ಉದ್ದ ಹೆಚ್ಚು, ಒಳಗಿನ ಕಾಗದ ಹೆಚ್ಚು, ಕಸ ಹಿಡಿಯುವುದೂ ಹೆಚ್ಚು. ಈ ಸಲ ಅದನ್ನೇ ಹಾಕಿಸೋಣ.

ದೊಡ್ಡಪ್ಪ: ಅಷ್ಟೆಲ್ಲ ಏಕೆ? ಪೇಟೆಯಲ್ಲಿ ಅಗ್ಗದ ಫಿಲ್ಟರ್ ಅರ್ಧ ಬೆಲೆಗೆ ಸಿಗುತ್ತದೆ. ಕಳೆದ ಸಲ ಹಾಕಿಸಿದ್ದೂ ಅದನ್ನೇ. 1997ರ ಕಾರಿಗೆ ಇನ್ನೆಷ್ಟು ಸುರಿಯುವುದು?

ನಾನು: ದೊಡ್ಡಪ್ಪ, ಅಂಥದೇ ಒಂದು ಫಿಲ್ಟರನ್ನು ನಿನ್ನೆ ಹ್ಯಾಕ್ಸಾದಲ್ಲಿ ಕೊಯ್ದು ಫೋಟೊ ಹಾಕಿದ್ದೇನೆ. ಬಾಯಿಯ ಹಿಂದೆ ದುಂಡನೆಯ ರಬ್ಬರ್ ಇದೆಯಲ್ಲ, ಅದು ಮೆತ್ತಗೆ ಬಾಗಬೇಕು. ಇದು ಹಪ್ಪಳದಂತೆ ಸೆಟೆದಿದೆ, ಬೆರಳಿನಿಂದ ಒತ್ತಿದರೆ ಅಂಚು ಸೀಳುತ್ತದೆ. ಎಂಜಿನ್ ನಿಂತಾಗ ಫಿಲ್ಟರಿನಲ್ಲಿರುವ ಆಯಿಲ್ ಕೆಳಕ್ಕೆ ಇಳಿದುಹೋಗದಂತೆ ತಡೆಯುವುದೇ ಈ ರಬ್ಬರ್. ನಮ್ಮ ಕಾರು ವಾರಗಟ್ಟಲೆ ಶೆಡ್ಡಿನಲ್ಲಿ ನಿಂತಿರುತ್ತದೆ. ಬೆಳಿಗ್ಗೆ ಚಾಲೂ ಮಾಡಿದರೆ ಕೆಂಪು ಆಯಿಲ್ ದೀಪ ಆರುವುದು ತಡ, ಮೇಲಿನಿಂದ ಟಕಟಕ ಸದ್ದು ಎಂದು ನೀವೇ ಹೇಳಿದ್ದಿರಿ. ಖಾಲಿಯಾದ ಫಿಲ್ಟರ್ ಮತ್ತೆ ತುಂಬುವವರೆಗೆ ಎಂಜಿನ್ನಿನ ಮೇಲ್ಭಾಗದಲ್ಲಿ ವಾಲ್ವುಗಳನ್ನು ಒತ್ತುವ ರಾಕರುಗಳಿಗೆ ಆಯಿಲ್ ತಲುಪುವುದಿಲ್ಲ. ಸವೆತ ಹೆಚ್ಚಾಗುವುದು ಆಗಲೇ.

ಚಿಕ್ಕಪ್ಪ: ಹಾಗಾದರೆ ನಾನು ಹೇಳಿದ ದೊಡ್ಡ ಫಿಲ್ಟರೇ ಆಗಲಿ.

ನಾನು: ಬೇಡ ಚಿಕ್ಕಪ್ಪ, ಥ್ರೆಡ್ ಕೂತರೆ ಸಾಲದು. ಒಳಗೆ ಬೈಪಾಸ್ ವಾಲ್ವ್ ಇರುತ್ತದೆ. ಕಾಗದ ಕಟ್ಟಿಕೊಂಡಾಗ, ಚಳಿಗೆ ಆಯಿಲ್ ಮಂದವಾದಾಗ ಅದು ತೆರೆದುಕೊಂಡು ಸೋಸದ ಆಯಿಲನ್ನೇ ಬಿಡುತ್ತದೆ, ಎಂಜಿನ್ ಒಣಗಬಾರದಲ್ಲ. ಎಷ್ಟು ಒತ್ತಡಕ್ಕೆ ತೆರೆಯಬೇಕೆಂಬ ಲೆಕ್ಕ ಎಲ್ಲ ಎಂಜಿನ್ನಿಗೂ ಒಂದೇ ಅಲ್ಲ. ಬೇಗ ತೆರೆದುಕೊಂಡರೆ ಕಾಗದ ಎಷ್ಟಿದ್ದು ಏನು ಬಂತು? ಫಿಲ್ಟರ್ ಎಂಜಿನ್ನಿಗೆ ತಾಗುವ ಅಂಚಿನ ರಬ್ಬರ್ ಉಂಗುರ, ಅಂದರೆ ಗ್ಯಾಸ್ಕೆಟಿನ ಅಳತೆ ಒಂದಿಷ್ಟು ಬೇರೆಯಾದರೂ ಸೋರುತ್ತದೆ. ವಿಡಿಯೊದಲ್ಲಿ ಇವೆರಡರ ಸುದ್ದಿಯೇ ಇಲ್ಲ.

ಅಕ್ಕ: 800 ಬರುವುದೇ ನಿಂತು ಎಷ್ಟೋ ವರ್ಷವಾಯಿತು. ಅದರ ಫಿಲ್ಟರ್ ಈಗ ಸಿಗುತ್ತದೆಯೇ?

ನಾನು: ಧಾರಾಳವಾಗಿ. 800 ನಿಂತದ್ದು 2014ರಲ್ಲಿ, ಆದರೆ ಅದೇ 796 ಸಿಸಿ ಎಂಜಿನ್ನಿನ ಓಮ್ನಿ 2019ರವರೆಗೂ ಬಂತು. ಮಾರುತಿ ಬಿಡಿಭಾಗದ ಅಂಗಡಿಯಲ್ಲಿ ಕಾರಿನ ವರ್ಷ ಹೇಳಿ ಬಿಲ್ ಸಮೇತ ತರೋಣ. ನಕಲಿ ಮಾಲೂ ಅಂಥದೇ ಡಬ್ಬಿಯಲ್ಲಿ ಬರುತ್ತದೆ. ಬಿಲ್ ಕೊಡದ ಕಡೆ ಕೊಳ್ಳುವುದೇ ಬೇಡ. ಬಾಷ್, ಪ್ಯೂರೊಲೇಟರ್ ಕಂಪನಿಯದಾದರೂ ಸರಿ, ಡಬ್ಬಿಯ ಮೇಲೆ 800ರ ಹೆಸರಿರಬೇಕು.

ದೊಡ್ಡಪ್ಪ: ಕಾರು ಸಾವಿರ ಕಿಲೋಮೀಟರ್ ಕೂಡ ಓಡಿಲ್ಲವಲ್ಲ. ಈಗಲೇ ಬದಲಿಸಬೇಕೇ?

ನಾನು: ಓಡದಿರುವುದೇ ತೊಂದರೆ ದೊಡ್ಡಪ್ಪ. ಸಾಗರ ಪೇಟೆಗೆ ಹೋಗಿ ಬರುವಷ್ಟರಲ್ಲಿ ಎಂಜಿನ್ ಸರಿಯಾಗಿ ಕಾಯುವುದೂ ಇಲ್ಲ. ತೇವ, ಉರಿಯದ ಪೆಟ್ರೋಲು ಆಯಿಲಿನಲ್ಲೇ ಉಳಿಯುತ್ತವೆ. ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಕಿಲೋಮೀಟರ್ ನೋಡದೆ ವರ್ಷಕ್ಕೊಮ್ಮೆಯಾದರೂ ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸಬೇಕು.

ಚಿಕ್ಕಪ್ಪ: ಬೈಪಾಸ್ ಮಾತು ಒಪ್ಪುತ್ತೇನೆ. ದೊಡ್ಡ ಫಿಲ್ಟರಿನಿಂದ ಲಾಭವೇ ಇಲ್ಲ ಎಂಬುದನ್ನು ಒಪ್ಪಲಾರೆ. ಆಗಲಿ, ಶನಿವಾರ ಬರುವಾಗ 800ರದ್ದನ್ನೇ ತರುತ್ತೇನೆ.

ನಾನು: ಹಳೆಯ ಗ್ಯಾಸ್ಕೆಟ್ ಎಂಜಿನ್ನಿಗೇ ಅಂಟಿಕೊಂಡಿದೆಯೇ ಎಂದು ಮೊದಲು ನೋಡಿ. ಹೊಸದಕ್ಕೆ ಆಯಿಲ್ ಸವರಿ, ಅದು ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು ಬಿಗಿದರೆ ಸಾಕು. ಪಾನಾ ಹಾಕಬೇಡಿ.

ದೊಡ್ಡಪ್ಪ: ತಮ್ಮಾ, ಹಳೆಯ ಆಯಿಲ್ ಇಳಿಸುವ ಡ್ರೈನ್ ಬೋಲ್ಟಿನ ವಾಷರನ್ನೂ ತೆಗೆದುಕೊಂಡು ಬಾ. ಹಳೆಯದು ಜಿನುಗುತ್ತಿದೆ.