ಅಪ್‌ಡೇಟ್: ಅತ್ತಿಗೆಯ ಅಜ್ಜಿ ಬಂದ ಹಡಗಿನ ದಾಖಲೆ ಸಿಕ್ಕಿತು

ನಮ್ಮತ್ತಿಗೆ ನ್ಯೂಯಾರ್ಕಿನ ಯಹೂದಿ ಮನೆತನದವರು. ಅವರ ಅಜ್ಜಿಯ ಜೀವನಕಥೆ ಬರೆಯಲು ಎಲ್ಲಿಸ್ ಐಲ್ಯಾಂಡ್ (ಅಮೆರಿಕಕ್ಕೆ ಬಂದ ವಲಸಿಗರನ್ನು ತಪಾಸಣೆ ಮಾಡುತ್ತಿದ್ದ ನ್ಯೂಯಾರ್ಕ್ ಬಂದರಿನ ದ್ವೀಪ) ದಾಖಲೆ ಹುಡುಕುವುದು ಹೇಗೆಂದು ಹಿಂದೆ ಇಲ್ಲಿ ಕೇಳಿದ್ದೆ. ಸಿಕ್ಕಿತು!

ಪೌರತ್ವದ ಕಡತ ನೋಡಿ ಎಂಬ ಸಲಹೆಯಿಂದ ಪ್ರಯೋಜನವಾಗಲಿಲ್ಲ. 1922ಕ್ಕೆ ಮುಂಚೆ ಗಂಡನ ಪೌರತ್ವವೇ ಹೆಂಡತಿಗೂ ಬರುತ್ತಿದ್ದರಿಂದ ಅಜ್ಜಿಯ ಹೆಸರಲ್ಲಿ ಬೇರೆ ಅರ್ಜಿಯೇ ಇರಲಿಲ್ಲ. ಫಲಿಸಿದ್ದು ಸಮಾಧಿಕಲ್ಲಿನ ಹೀಬ್ರೂ ಸಾಲು ಓದಿಸಿದ್ದು: 'ರೋಸ್' ಅಲ್ಲ, 'ರೈಜೆಲ್', ಜೊತೆಗೆ ತಂದೆಯ ಹೆಸರು. ಮನೆತನದ ಹೆಸರನ್ನು ಡೈಚ್-ಮೊಕೊಟಾಫ್ ಸೌಂಡೆಕ್ಸ್‌ನಲ್ಲಿ (ಉಚ್ಚಾರಣೆ ಹೋಲುವ ಹೆಸರುಗಳನ್ನು ಹುಡುಕುವ ವಿಧಾನ) ಹಾಕಿದ ಮೇಲೆ, ಕಾಗುಣಿತ ಬೇರೆಯಾಗಿದ್ದರೂ 1913ರ ಹಡಗಿನ ಪ್ರಯಾಣಿಕರ ಪಟ್ಟಿಯಲ್ಲಿ ಅಜ್ಜಿ ಸಿಕ್ಕರು.

ಆ ಪಟ್ಟಿ ಎರಡು ಪುಟಗಳಲ್ಲಿ ಹರಡಿರುತ್ತದೆ; ಬಲಗಡೆಯ ಪುಟವನ್ನು ಖಂಡಿತ ತೆರೆಯಿರಿ, ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಹುಟ್ಟೂರು, ಯಾರ ಮನೆಗೆ ಹೊರಟಿದ್ದಾರೆಂಬ ವಿಳಾಸ ಅಲ್ಲೇ ಇರುತ್ತದೆ. ಅಚ್ಚರಿಯೆಂದರೆ, ವಲಸಿಗರ ಹೆಸರನ್ನು ದ್ವೀಪದ ಅಧಿಕಾರಿಗಳು ಬದಲಿಸಿದರು ಎಂಬ ಮಾತು ನಿಜವಲ್ಲ. ಪಟ್ಟಿಯನ್ನು ಹೊರಟ ಬಂದರಿನಲ್ಲೇ ಹಡಗು ಕಂಪನಿಯವರು ಬರೆಯುತ್ತಿದ್ದರು.