ಅಡುಗೆ ಥೀಮ್ ಇರೋ ಕೋಜಿ ಮಿಸ್ಟರಿ ಓದುವಾಗ ಅಡುಗೆ ಭಾಗ ಹಾರಿಸಿದ್ರೆ ಸುಳಿವು ತಪ್ಪಿ ಹೋಗುತ್ತಾ?

ರಾತ್ರಿ_ಓದು:
ಎಲ್ಲರಿಗೂ ನಮಸ್ಕಾರ. ನಾನು ಇಷ್ಟು ವರ್ಷ ಓದಿದ್ದೆಲ್ಲಾ ರಕ್ತ ಹರಿಯೋ ಥರದ ಕ್ರೈಂ ಕಾದಂಬರಿಗಳೇ. ಈಚೆಗೆ ಅವನ್ನ ಓದಿ ಮಲಗಿದ್ರೆ ನಿದ್ದೇನೇ ಹತ್ತಲ್ಲ, ಅದಕ್ಕೆ ಫ್ರೆಂಡ್ ಒಬ್ಳು ಕೋಜಿ ಮಿಸ್ಟರಿ, ಅಂದ್ರೆ ರಕ್ತಪಾತ ತೋರಿಸದ ಹಗುರವಾದ ಪತ್ತೇದಾರಿ ಕಾದಂಬರಿ, ಒಂದನ್ನ ಕೈಗಿಟ್ಲು. ಬೇಕರಿ ನಡೆಸೋ ಹೆಂಗಸೇ ಪತ್ತೇದಾರಿ, ಮೂರನೇ ಅಧ್ಯಾಯದಲ್ಲಿ ಒಂದು ಸಾವು, ಅದೂ ತೆರೆಮರೆಯಲ್ಲೇ ಆಗುತ್ತೆ, ಆಮೇಲೆ ಅರ್ಧ ಪುಸ್ತಕ ಅಡುಗೆಮನೇಲೇ ಕಳೆಯುತ್ತೆ. ಹಿಟ್ಟು ಜರಡಿ ಹಿಡಿಯೋದು, ಬೆಣ್ಣೆ ಕರಗಿಸೋದು, ಯಾರಿಗೆ ಯಾವ ಕೇಕ್ ಇಷ್ಟ ಅನ್ನೋ ಮಾತುಕತೆ. ನಾನು ಅದನ್ನೆಲ್ಲಾ ಕಣ್ಣಾಡಿಸಿ ಮುಂದೆ ಹೋದೆ, ವಿಚಾರಣೆ ಭಾಗ ಮಾತ್ರ ನಿಂತು ಓದ್ದೆ. ಕೊನೇಲಿ ಅವಳು ಎಲ್ಲರನ್ನೂ ಕೂರಿಸ್ಕೊಂಡು "ನನಗೆ ಅವತ್ತು ಸಂಜೆ ಸಕ್ಕರೆ ಡಬ್ಬಿ ತೆಗೆದಾಗಲೇ ಅನುಮಾನ ಬಂದಿತ್ತು" ಅಂದ್ಳು ನೋಡಿ, ನನಗೆ ಯಾವ ಡಬ್ಬಿ ಯಾವ ಸಂಜೆ ಒಂದೂ ನೆನಪಿಲ್ಲ. ಬಹಳ ಬೇಜಾರಾಯ್ತು, ಲೇಖಕಿ ಮೇಲಲ್ಲ, ಇಷ್ಟು ಚೆನ್ನಾಗಿ ಹೆಣೆದಿದ್ದನ್ನ ನಾನು ಕೈಯಾರೆ ಕಳ್ಕೊಂಡೆನಲ್ಲ ಅಂತ. ಈ ಥರದ ಪುಸ್ತಕಗಳಲ್ಲಿ ಸುಳಿವು ಅಡುಗೇಲೇ ಇರುತ್ತಾ, ಇಲ್ಲಾ ಇದೊಂದರಲ್ಲಿ ಮಾತ್ರ ಹಾಗಾ? ನೀವೆಲ್ಲಾ ಹೇಗೆ ಓದ್ತೀರ? ಮಧ್ಯೆ ಬರೋ ರೆಸಿಪಿಗಳನ್ನೂ ಓದ್ಬೇಕಾ?

ಹಳೇ_ಪುಟಗಳು:
ರೆಸಿಪಿ ಬೇರೆ, ಕಥೆ ಒಳಗೆ ನಡೆಯೋ ಅಡುಗೆ ಬೇರೆ. ಅಧ್ಯಾಯದ ಕೊನೇಲಿ ಅಳತೆ ಸಮೇತ ಕೊಟ್ಟಿರೋ ರೆಸಿಪೀನ ಧಾರಾಳವಾಗಿ ಬಿಡಿ, ಕಥೆಗೆ ಕೊರತೆ ಆಗೋದು ಬಹಳ ಅಪರೂಪ. ಆದ್ರೆ ಪಾತ್ರಗಳು ನಿಂತು ಅಡುಗೆ ಮಾಡೋ, ಬಡಿಸೋ, ತಿನ್ನೋ ಜಾಗ ಇದ್ಯಲ್ಲ ಅದನ್ನ ದಯವಿಟ್ಟು ಹಾರಿಸ್ಬೇಡಿ. ಬರೆಯೋರಿಗೆ ಚೆನ್ನಾಗಿ ಗೊತ್ತು, ನಮ್ಮ ಕಣ್ಣು ವಿಚಾರಣೆ ಮೇಲಿರುತ್ತೆ ಅಂತ, ಅದಕ್ಕೇ ನಿಜವಾದ ಸುಳಿವನ್ನ ಬೆಣ್ಣೆ ಸಕ್ಕರೆ ಮಧ್ಯೆ ಇಟ್ಬಿಡ್ತಾರೆ.

ನಾನು ಓದುವಾಗ ಗಮನ ಇಡೋದು ಯಾರು ಬಡಿಸಿದ್ರು, ಯಾರು ತಿನ್ಲಿಲ್ಲ, ಯಾವಾಗ ತಿಂದ್ರು ಅನ್ನೋದ್ರ ಮೇಲೆ. ಈ 'ಯಾವಾಗ' ಅನ್ನೋದು ಬಹಳ ಮುಖ್ಯ. ಡೆತ್ ಕ್ಯಾಪ್ ಅಂತ ಒಂದು ವಿಷದ ಅಣಬೆ ಇದೆ, ತಿಂದ ತಕ್ಷಣ ಏನೂ ಆಗಲ್ಲ, ಸಾಮಾನ್ಯವಾಗಿ 6ರಿಂದ 12 ಗಂಟೆ ಕಳೆದ್ಮೇಲೇ ಹೊಟ್ಟೆ ಕೆಡೋಕೆ ಶುರು, ಬೇಯಿಸಿದ್ರೂ ವಿಷ ಹೋಗಲ್ಲ. ಅಂಥ ಕಥೇಲಿ ಎಲ್ಲರೂ ರಾತ್ರಿ ಊಟದ ಬಗ್ಗೆ ತಲೆ ಕೆಡಿಸ್ಕೊಂಡಿರ್ತಾರೆ, ಅಸಲು ವಿಷಯ ಹಿಂದಿನ ಹೊತ್ತಿನ ಊಟದಲ್ಲಿರುತ್ತೆ. ರುಚಿನೂ ಅಷ್ಟೇ. ಸ್ಟ್ರಿಕ್ನಿನ್ ಅನ್ನೋ ವಿಷ ವಿಪರೀತ ಕಹಿ, ಹಾಗಾಗಿ ಕಥೇಲಿ ಯಾರಾದ್ರೂ "ಇವತ್ತು ಕಾಫಿ ಯಾಕೋ ಕಹಿ" ಅಂದ್ರೆ ನಾನು ಅಲ್ಲೇ ನಿಲ್ತೀನಿ. ಬಿಳಿ ಆರ್ಸೆನಿಕ್‌ಗೆ ರುಚಿ ವಾಸನೆ ಎರಡೂ ಇಲ್ಲ ಅಂತಲೇ ಹೇಳ್ಬಹುದು. 1836ರಲ್ಲಿ ಜೇಮ್ಸ್ ಮಾರ್ಷ್ ತನ್ನ ಪರೀಕ್ಷೆ ಪ್ರಕಟಿಸೋವರೆಗೂ ಹೆಣದಲ್ಲಿ ಅದನ್ನ ಖಚಿತವಾಗಿ ಪತ್ತೆ ಹಚ್ಚೋದೇ ದೊಡ್ಡ ಕಷ್ಟ ಆಗಿತ್ತು. ಸೈನೈಡ್‌ಗೆ ಕಹಿ ಬಾದಾಮಿ ವಾಸನೆ ಅಂತಾರಲ್ಲ, ಆ ವಾಸನೆ ಎಲ್ಲರ ಮೂಗಿಗೂ ಹತ್ತಲ್ಲ, ಒಬ್ಬರಿಗೆ ಗೊತ್ತಾಗಿ ಪಕ್ಕದಲ್ಲಿರೋರಿಗೆ ಗೊತ್ತಾಗದೇ ಇರ್ಬಹುದು, ಅದನ್ನೇ ಇಟ್ಕೊಂಡು ಒಂದು ಇಡೀ ಕಥೆ ಕಟ್ಬಹುದು.

ಅಗಾಥಾ ಕ್ರಿಸ್ಟಿ ಮೊದಲ ಮಹಾಯುದ್ಧದ ಟೈಮಲ್ಲಿ ಆಸ್ಪತ್ರೆ ಔಷಧ ವಿಭಾಗದಲ್ಲಿ ಕೆಲಸ ಮಾಡಿದ್ರು, ಅವರ ಪುಸ್ತಕಗಳಲ್ಲಿ ವಿಷದ ವಿಷಯ ಅಷ್ಟು ಪಕ್ಕಾ ಇರೋದಕ್ಕೆ ಅದೇ ಕಾರಣ. 1929ರಲ್ಲಿ ರೊನಾಲ್ಡ್ ನಾಕ್ಸ್ ಪತ್ತೇದಾರಿ ಕಥೆಗಳಿಗೆ ಹತ್ತು ನಿಯಮ ಬರೆದ್ರು, ಅದ್ರಲ್ಲಿ ಒಂದು, ಯಾರೂ ಕೇಳದ ಹೊಸ ವಿಷ ಕಂಡುಹಿಡಿದು ಬಳಸೋ ಹಾಗಿಲ್ಲ ಅಂತ. ಅಂದ್ರೆ ಓದುಗರಿಗೂ ಕಂಡುಹಿಡಿಯೋಕೆ ಸಮನಾದ ಅವಕಾಶ ಇರ್ಬೇಕು. ಒಳ್ಳೆ ಅಡುಗೆ ಮಿಸ್ಟರಿ ಈ ಮಾತನ್ನ ಇವತ್ತಿಗೂ ಉಳಿಸ್ಕೊಳ್ಳುತ್ತೆ, ನಿಮ್ಮ ಸಕ್ಕರೆ ಡಬ್ಬಿ ಖಂಡಿತ ಮೊದಲೇ ಎಲ್ಲೋ ಬಂದಿರುತ್ತೆ, ಹುಡುಕಿ ನೋಡಿ.

ಕಪಾಟು27:
ಮೇಲಿನವರ ಮಾತು ಅರ್ಧ ಒಪ್ತೀನಿ. ನಾನು ಓದಿರೋ ಎಷ್ಟೋ ಸರಣಿಗಳಲ್ಲಿ ಅಡುಗೆ ಬರೀ ಅಲಂಕಾರ, ಕೇಕ್ ಬದಲು ಹೂವಿನ ಅಂಗಡಿ ಇಟ್ಟಿದ್ರೂ ಕಥೆ ಹಾಗೇ ನಡೀತಿತ್ತು. ಅಂಥದ್ರಲ್ಲಿ ಸುಳಿವು ಹುಡುಕ್ತಾ ಕೂತ್ರೆ ಓದೋ ಖುಷಿನೇ ಹೋಗುತ್ತೆ.

ಆದ್ರೆ ರೆಸಿಪೀನ ಧಾರಾಳವಾಗಿ ಬಿಡಿ ಅಂದಿದ್ದು ನನಗೆ ಒಪ್ಪಿಗೆ ಇಲ್ಲ. ಕೇಟರಿಂಗ್ ಮಾಡೋ ಹೆಂಗಸನ್ನ ನಾಯಕಿ ಮಾಡಿ ಡಯಾನ್ ಮಾಟ್ ಡೇವಿಡ್‌ಸನ್ 1990ರಲ್ಲಿ ಸರಣಿ ಶುರು ಮಾಡಿದ್ರು, 2000ದಲ್ಲಿ ಜೋಆನ್ ಫ್ಲೂಕ್ ಅವರ ಕುಕಿ ಅಂಗಡಿ ಸರಣಿ ಬಂತು, ಕಥೆ ಜೊತೆ ರೆಸಿಪಿ ಕೊಡೋ ಪದ್ಧತಿ ಜನಕ್ಕೆ ಹಿಡಿಸಿದ್ದೇ ಇಂಥವರಿಂದ. ಕಥೇಲಿ ದುಃಖದಲ್ಲಿರೋ ಮನೆಗೆ ಅವಳು ತಗೊಂಡು ಹೋದ ಕುಕೀಸನ್ನ ನಾವೂ ಮಾಡಿ ತಿನ್ನಬಹುದು ಅನ್ನೋದಿದ್ಯಲ್ಲ, ಆ ಸುಖ ಬೇರೆ ಯಾವ ಜಾತಿ ಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ. ಮಾಡೋ ಹಾಗಿದ್ರೆ ಒಂದು ನೆನಪಿಡಿ, ಅಮೆರಿಕದ ಪುಸ್ತಕ ಆದ್ರೆ ಓವನ್ 350 ಅಂತಿರೋದು ಫ್ಯಾರನ್‌ಹೀಟ್, ಸೆಲ್ಸಿಯಸ್‌ನಲ್ಲಿ ಹತ್ರಹತ್ರ 177. ಒಂದು ಸ್ಟಿಕ್ ಬೆಣ್ಣೆ ಅಂದ್ರೆ ಸುಮಾರು 113 ಗ್ರಾಂ, ಒಂದು ಕಪ್ ಸುಮಾರು 240 ಎಂ.ಎಲ್. ನಾನು ಕಥೆ ಪೂರ್ತಿ ಮುಗಿಸಿ ಆಮೇಲೆ ರೆಸಿಪಿಗೆ ಬರ್ತೀನಿ, ಕೊಲೆಗಾರ ಯಾರು ಅಂತ ತಲೇಲಿ ಕೊರೀತಿದ್ರೆ ಹಿಟ್ಟಿನ ಅಳತೆ ತಪ್ಪುತ್ತೆ.

ಬೆಳ್ಳಿಚಮಚ:
ನಮ್ಮಮ್ಮಂಗೆ ಕಣ್ಣಿನ ಆಪರೇಷನ್ ಆದಾಗ ಇಂಥದೇ ಪುಸ್ತಕಗಳನ್ನ ದಿನಾ ರಾತ್ರಿ ಗಟ್ಟಿಯಾಗಿ ಓದಿ ಹೇಳ್ತಿದ್ದೆ. ಅಮ್ಮ ಜೀವನದಲ್ಲಿ ಪತ್ತೇದಾರಿ ಕಾದಂಬರಿ ಮುಟ್ಟಿದವರಲ್ಲ. ಒಂದು ದಿನ ಪಾರ್ಟಿ ಸೀನ್ ಓದ್ತಾ ಇದ್ದೆ, ಸತ್ತವರ ಸುತ್ತ ಜನ ಸೇರಿದಾರೆ, ಪೊಲೀಸರು ಇನ್ನೂ ಬಂದಿಲ್ಲ. ಅಮ್ಮ ನನ್ನ ಕೈ ಹಿಡಿದು "ತಡಿ ತಡಿ, ಆಗ್ಲೇ ಮೇಜಿನ ಮೇಲೆ ಏಳು ಕಪ್ ಇತ್ತು ಅಂದೆ, ಈಗ ಆರು ಅಂತಿದೀಯ, ಇನ್ನೊಂದನ್ನ ಯಾರು ತೊಳೆದಿಟ್ರು?" ಅಂದ್ರು. ನಾನು ಎರಡು ಪುಟ ಹಿಂದೆ ಹೋಗಿ ನೋಡಿದ್ರೆ ಹೌದು, ಏಳು! ಮುಂದೆ ಹತ್ತು ಅಧ್ಯಾಯ ಆದ್ಮೇಲೆ ಆ ಪತ್ತೇದಾರಿಗೆ ಅದು ಹೊಳೀತು. ದಿನಾ ಮೂರು ಹೊತ್ತು ಅಡುಗೆಮನೆ ನೋಡ್ಕೊಂಡವರಿಗೆ ಪಾತ್ರೆ ಲೆಕ್ಕ ತಪ್ಪಲ್ಲ, ಅವತ್ತಿಂದ ನಾನೂ ಪಾತ್ರೆ ತೊಳೆಯೋರ ಮೇಲೆ ಕಣ್ಣಿಡ್ತೀನಿ. ನಿಧಾನಕ್ಕೆ ಓದೋಕೆ ಆಗ್ತಿಲ್ಲ ಅಂದ್ರೆ ಯಾರಿಗಾದ್ರೂ ಗಟ್ಟಿಯಾಗಿ ಓದಿ ಹೇಳಿ, ಹಾರಿಸೋಕೆ ಮನಸ್ಸೇ ಬರಲ್ಲ.

ರಾತ್ರಿ_ಓದು:
ಸಿಕ್ತು ಸಿಕ್ತು! ಮೂವರಿಗೂ ಥ್ಯಾಂಕ್ಸ್. ನಾಲ್ಕನೇ ಅಧ್ಯಾಯದಲ್ಲಿದೆ, ಬೆಳಿಗ್ಗೆ ಮೂರು ಕೇಕ್ ಮಾಡಿದ್ಮೇಲೆ ಚಮಚ ಡಬ್ಬಿ ತಳಕ್ಕೆ ತಾಗಿ ಸದ್ದಾಯ್ತು ಅಂತ ಒಂದೇ ಒಂದು ಸಾಲು, ಅದೇ ದಿನ ಸಂಜೆ ಅವಳು ಪಾಕ ಮಾಡೋಕೆ ಅದೇ ಡಬ್ಬಿ ತೆಗೆದ್ರೆ ಅರ್ಧ ತುಂಬಿದೆ, ನಡುವೆ ಅಂಗಡಿಗೆ ಹೋದೋರು ಯಾರೂ ಇಲ್ಲ. ಎರಡೂ ಸಾಲು ನಾನು ಹಾರಿಸಿದ ಪುಟಗಳಲ್ಲೇ ಇದ್ವು. ಇದ್ರ ಮುಂದಿನ ಭಾಗ ಇವತ್ತು ರಾತ್ರಿ ಶುರು ಮಾಡ್ತೀನಿ, ನಮ್ಮಕ್ಕ ಬಂದಿದಾಳೆ, ಅವಳಿಗೆ ಗಟ್ಟಿಯಾಗಿ ಓದ್ತೀನಿ ಅಂತ ಹೇಳಿದೀನಿ.